ಚೀಲಕ್ಕೆ ಹಿಡಿಯುವ ದೋಣಿ

ನಾನು ಮನೆಯಲ್ಲಿ ಕಟ್ಟಿದ ಮಡಚುವ ಕಯಾಕ್, ಎಂದರೆ ಕುಳಿತು ಹುಟ್ಟು ಹಾಕುವ ಕಿರಿದಾದ ದೋಣಿ, ಮೊದಲ ಸಲ ನೀರಿಗಿಳಿದಾಗ ತೇಲಿತು, ನಿಜ. ಆದರೆ ನಾನು ಒಳಗೆ ಕುಳಿತ ಕೂಡಲೇ ಅದರ ನಡು ಜೋತು, ಎರಡು ತುದಿಗಳೂ ಮೇಲೆದ್ದು, ಹಳೆಯ ಹಗ್ಗದ ಮಂಚದಂತಾಯಿತು. ಚೌಕಟ್ಟಿನ ಕೊಳವೆಗಳು ತೆಳುವಾದವೇನೋ ಎಂದು ಶಂಕಿಸಿ ಇನ್ನೆರಡು ಉದ್ದ ಕೊಳವೆಗಳನ್ನು ಸೇರಿಸಿ ನೋಡಿದೆ. ತೂಕ ಹೆಚ್ಚಿತೇ ಹೊರತು ಜೋಲು ಹೋಗಲಿಲ್ಲ. ಆ ಚೌಕಟ್ಟಿನ ಮೇಲೆ ಎಳೆದ ಹೊದಿಕೆ ಸಡಿಲವಾಗಿದ್ದುದೇ ಕಾರಣವೆಂದು ಹೊಳೆಯಲು ನನಗೆ ಒಂದು ತಿಂಗಳು ಹಿಡಿಯಿತು.

ಕೊಡೆಯ ಕಡ್ಡಿಗಳನ್ನು ಬಿಡಿಯಾಗಿ ಹಿಡಿದರೆ ಬಳುಕುತ್ತವೆ, ಬಟ್ಟೆ ಬಿಡಿಯಾಗಿ ಜೋಲುತ್ತದೆ. ಒಂದನ್ನೊಂದು ಎಳೆದು ಹಿಡಿದಾಗ ಗಾಳಿಗೆ ಎದುರಾಗುವ ಬಲ ಬರುತ್ತದೆ. ಈ ದೋಣಿಯ ಗುಟ್ಟೂ ಅದೇ. ಉತ್ತರ ಧ್ರುವದ ಕಡೆಯ ಹಿಮನಾಡಿನ ಇನುಯಿಟ್ ಜನರು ತೇಲಿಬಂದ ಮರದ ಚೌಕಟ್ಟಿಗೆ ಸೀಲ್ ಎಂಬ ಕಡಲ ಪ್ರಾಣಿಯ ಚರ್ಮವನ್ನು ಬಿಗಿದು ಕಯಾಕ್ ಕಟ್ಟುತ್ತಿದ್ದರು. 1905ರಲ್ಲಿ ಜರ್ಮನಿಯ ಮ್ಯೂನಿಕ್‌ನ ವಾಸ್ತುಶಿಲ್ಪ ವಿದ್ಯಾರ್ಥಿ ಆಲ್ಫ್ರೆಡ್ ಹಾಯ್ರಿಶ್ ಇಂಥದೇ ದೋಣಿಯನ್ನು ಬಿಚ್ಚಿ ಹೊತ್ತೊಯ್ಯುವಂತೆ ಮಾಡಿದರು. 1907ರಲ್ಲಿ ಅದರ ತಯಾರಿಕೆಯ ಹಕ್ಕನ್ನು ಕೊಂಡ ಯೋಹಾನೆಸ್ ಕ್ಲೆಪ್ಪರ್ ವೃತ್ತಿಯಿಂದ ದರ್ಜಿ. ಹೊದಿಕೆಯೊಡನೆ ಗುದ್ದಾಡಿದವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. 1956ರಲ್ಲಿ ಜರ್ಮನ್ ವೈದ್ಯ ಹಾನೆಸ್ ಲಿಂಡೆಮನ್ ಕ್ಲೆಪ್ಪರ್ ದೋಣಿಯೊಂದರಲ್ಲೇ 72 ದಿನಗಳಲ್ಲಿ ಅಟ್ಲಾಂಟಿಕ್ ದಾಟಿದರು.

ನನ್ನ ದೋಣಿ 4 ಮೀಟರ್ ಉದ್ದ, 65 ಸೆಂಟಿಮೀಟರ್ ಅಗಲ. ಉದ್ದಕ್ಕೆ ಓಡುವುದು 19 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಕೊಳವೆ. ಯಾವ ತುಂಡೂ 90 ಸೆಂಟಿಮೀಟರ್ ಮೀರದಂತೆ ಕತ್ತರಿಸಿ, ಕೂಡುವಲ್ಲಿ 16 ಮಿಲಿಮೀಟರ್‌ನ ಇನ್ನೊಂದು ಕೊಳವೆಯನ್ನು ಒಳಗೆ ತೂರಿಸಿದ್ದೇನೆ. ಅಡ್ಡಕ್ಕೆ ನಿಲ್ಲುವ ಐದು ಚೌಕಟ್ಟುಗಳನ್ನು ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಮಣೆಗಳಿಂದ ಗರಗಸದಲ್ಲಿ ಕೊಯ್ದುಕೊಂಡೆ. ಅವು ನೀರು ಹೀರುವುದಿಲ್ಲ, ಕೊಳೆಯುವುದಿಲ್ಲ. ಹೊದಿಕೆಗೆ ಲಾರಿಯ ಸರಕಿಗೆ ಹೊದಿಸುವಂಥ ಪಿವಿಸಿ ಲೇಪಿತ ಟಾರ್ಪಾಲಿನ್ ಬಳಸಿದೆ. ಎಲ್ಲ ಸೇರಿ 14 ಕಿಲೋ. ಕೊಳವೆಗೆ ನೀರಿನ ಪಿವಿಸಿ ಪೈಪು ಅಗ್ಗವಾದರೂ ಬಿಸಿಲಿಗೆ ಮೆತ್ತಗಾಗಿ ಬಾಗುವುದರಿಂದ ಅದನ್ನು ಕೈಬಿಟ್ಟೆ.

ಅಂಟಿನಲ್ಲಿ ನಾನು ಮಾಡಿದ ಜಿಪುಣತನಕ್ಕೆ ತಕ್ಕ ಶಾಸ್ತಿಯಾಯಿತು. ಚಪ್ಪಲಿಗೆ ಹಚ್ಚುವ ಸಾಮಾನ್ಯ ರಬ್ಬರ್ ಅಂಟಿನಿಂದ ಕೂಡಿಸಿದ ಹೊದಿಕೆಯ ಜೋಡಣೆ ಮೊದಲ ವಾರ ಗಟ್ಟಿಯಾಗಿಯೇ ಇತ್ತು. ಆದರೆ ಪಿವಿಸಿಯನ್ನು ಮೃದುವಾಗಿಸಲು ಬೆರೆಸಿರುವ ಎಣ್ಣೆಯಂಥ ದ್ರವ್ಯ ಮೆಲ್ಲಗೆ ಅಂಟಿಗೆ ಇಳಿದು, ಬಿಸಿಲಿನಲ್ಲಿ ಅಂಚುಗಳು ಬೆಲ್ಲದ ಪಾಕದಂತೆ ಎಳೆ ಎಳೆಯಾಗಿ ಜಾರತೊಡಗಿದವು. ಎಲ್ಲವನ್ನೂ ಕಿತ್ತು, ಉಜ್ಜಿ, ಪಿವಿಸಿಗೆಂದೇ ತಯಾರಾದ ಅಂಟನ್ನು ಎರಡು ಸಲ ಹಚ್ಚಿ, 5 ಸೆಂಟಿಮೀಟರ್ ಮೇಲುಮಡಿಕೆ ಕೊಟ್ಟು, ಬಿಸಿಗಾಳಿಯ ಯಂತ್ರದಿಂದ ಕಾಯಿಸಿ ಉರುಳೆಯಿಂದ ಒತ್ತಿದ ಮೇಲೆ ಜೋಡಣೆ ನಿಂತಿತು.

ಬಿಗಿತ ಬಂದದ್ದು ಎರಡು ಉಪಾಯಗಳಿಂದ. ಈ ಎರಡನೆಯ ಸಲ ಹೊದಿಕೆಯನ್ನು ಚೌಕಟ್ಟಿನ ಮೇಲೆ ಎಳೆಯುವ ಮೊದಲು ಅರ್ಧ ಗಂಟೆ ಬಿಸಿಲಿನಲ್ಲಿ ಹಾಸಿದೆ. ಕಾದ ಟಾರ್ಪಾಲಿನ್ ಹಿಗ್ಗುತ್ತದೆ, ತಣಿದಾಗ ಕುಗ್ಗಿ ತಾನೇ ಹಿಡಿದುಕೊಳ್ಳುತ್ತದೆ. ಇನ್ನೊಂದು ಚೌಕಟ್ಟಿನ ಜೋಡಣೆಗೆ ಸಂಬಂಧಿಸಿದ್ದು. ಮುಂದಿನ ಮತ್ತು ಹಿಂದಿನ ಅರ್ಧಗಳನ್ನು ಬೇರೆಬೇರೆಯಾಗಿ ಹೊದಿಕೆಯೊಳಗೆ ತುದಿಯವರೆಗೆ ನೂಕಿದಾಗ, ತಳದ ಕೊಳವೆಗಳು ನಡುವಿನಲ್ಲಿ ಸಂಧಿಸುವ ಜಾಗ ಒಂದು ಗೇಣಿನಷ್ಟು ಮೇಲೆದ್ದು ಮನೆಯ ಮಾಡಿನಂತೆ ನಿಲ್ಲುತ್ತದೆ. ಅಲ್ಲಿ ಎರಡೂ ಅಂಗೈಗಳನ್ನು ಊರಿ ಭಾರ ಬಿಟ್ಟರೆ ಕೊಳವೆಗಳು ಟಕ್ಕೆಂದು ನೇರವಾಗಿ, ದೋಣಿ ತುದಿಯಿಂದ ತುದಿಗೆ ಸೆಟೆದುಕೊಳ್ಳುತ್ತದೆ. ಬೆರಳಿನಿಂದ ಬಾರಿಸಿದರೆ ತಮಟೆಯ ಸದ್ದು. ಹೆಚ್ಚಿಗೆ ಸೇರಿಸಿದ್ದ ಎರಡು ಕೊಳವೆಗಳನ್ನು ಅಂದೇ ತೆಗೆದುಹಾಕಿದೆ.

ದೋಣಿ ಮತ್ತು ನಾನು ಸೇರಿ ಸುಮಾರು 90 ಕಿಲೋ, ಎಂದರೆ 90 ಲೀಟರ್ ನೀರನ್ನು ಪಕ್ಕಕ್ಕೆ ಸರಿಸಿದರೆ ತೇಲಲು ಸಾಕು. ಆದರೆ ಮಗುಚಿದಾಗ ಒಳಗೆ ನುಗ್ಗುವ ನೀರು ಅದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಎರಡು ತುದಿಗಳಲ್ಲೂ ಗಾಳಿ ತುಂಬಿದ ಚೀಲಗಳನ್ನು ಕಟ್ಟಿ, ಲೈಫ್ ಜಾಕೆಟ್ ತೊಟ್ಟು, ಎದೆಯುದ್ದದ ನೀರಿನಲ್ಲಿ ಬೇಕೆಂದೇ ನಾಲ್ಕು ಸಲ ಮಗುಚಿ ಹೊರಬರುವುದನ್ನು ಅಭ್ಯಾಸ ಮಾಡಿದ ಮೇಲೆಯೇ ಆಳಕ್ಕೆ ಹೋದೆ.

ಈಗ ಕಟ್ಟಲು 40 ನಿಮಿಷ ಸಾಕಾಗುತ್ತದೆ. ಬಿಚ್ಚುವುದಕ್ಕೆ ಮಾತ್ರ ಲೆಕ್ಕವಿಲ್ಲ: ಒಂದು ಮರಳಿನ ಕಣ ಕೊಳವೆಯ ಸಂದಿಗೆ ಹೊಕ್ಕರೆ ಆ ತುಂಡು ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ, ನಾನು ದಡದಲ್ಲಿ ಕುಳಿತು ಅದರ ಮೇಲೆ ಸಿಹಿನೀರು ಸುರಿಯುತ್ತ ತಿರುಚುತ್ತಲೇ ಇರಬೇಕಾಗುತ್ತದೆ.