ಕಡಂಬುಟ್ಟೂ ಒಂದೇ ಸೈಜು

ಮೊನ್ನೆ ಮಡಿಕೇರಿ ಹತ್ರ ಒಂದು ಹೋಂಸ್ಟೇಗೆ ಹೋಗಿದ್ವಿ, ಕಡಂಬುಟ್ಟು (ಕೊಡಗಿನ ಅಕ್ಕಿ ತರಿ ಉಂಡೆ) ಎಲ್ಲಾ ಅಚ್ಚಲ್ಲಿ ಒತ್ತಿದ ಹಾಗೆ, ತಲೆಗೆ ನಾಲ್ಕೇ ನಾಲ್ಕು. ನಮ್ಮಜ್ಜಿ ಅಕ್ಕಿ ತರಿ ಬೇಯಿಸಿ ಬಿಸಿ ಇರುವಾಗ್ಲೇ ಕೈ ಒದ್ದೆ ಮಾಡ್ಕೊಂಡು ಉಂಡೆ ಕಟ್ತಿದ್ರು, ಒಂದು ದಪ್ಪ ಒಂದು ಸಣ್ಣ, ದಪ್ಪದ್ದಕ್ಕೆ ನಮ್ಮ ಜಗಳ. ಈ ಒಂದೇ ಸೈಜಿನ ಕಥೆ ಹಳೇದು ಬಿಡಿ, 1948ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಮೆಕ್‌ಡೊನಾಲ್ಡ್ ಅಣ್ಣತಮ್ಮ ಮೆನು ಕಡಿಮೆ ಮಾಡಿ ಅಡುಗೆಮನೆನ ಫ್ಯಾಕ್ಟರಿ ತರ ಮಾಡಿದ್ರು, ಹ್ಯಾಂಬರ್ಗರ್ 15 ಸೆಂಟ್. ಸಮಾಜಶಾಸ್ತ್ರಜ್ಞ ಜಾರ್ಜ್ ರಿಟ್ಜರ್ ಇದನ್ನೇ ಹಿಡ್ಕೊಂಡು ದಕ್ಷತೆ, ಲೆಕ್ಕಾಚಾರ, ಎಲ್ಲೋದ್ರೂ ಒಂದೇ ತರ, ಕಂಟ್ರೋಲು ಅಂತ ನಾಲ್ಕು ಹೇಳಿದ್ರು, ಸ್ಕೂಲು ಆಸ್ಪತ್ರೆಗೂ ಇದೇ ಕಥೆ ಅಂತ. ಸರಿ ಬಿಡಿ, ಕ್ಲೀನ್ ಬಾತ್‌ರೂಮ್ ನಂಗೂ ಬೇಕು. ಆದ್ರೆ ಆ ಹೋಂಸ್ಟೇಲಿ ಪಂದಿಕರಿಗೆ (ಹಂದಿಮಾಂಸದ ಸಾರು) ಕಾಚಂಪುಳಿ ಅನ್ನೋ ಕೊಡಗಿನ ಕಪ್ಪು ಹುಳಿ ಬದ್ಲು ಬಾಟಲಿ ವಿನೆಗರ್ ಸುರಿದಿದ್ರು ಮಾರಾಯ್ರೆ, ಕೇಳಿದ್ರೆ ಅಡುಗೆ ಹುಡುಗ "ಟೇಸ್ಟು ಯಾವಾಗ್ಲೂ ಒಂದೇ ಬರುತ್ತೆ ಸರ್" ಅಂದ!