ನಾಲ್ಕು ಅಳತೆಕೋಲು, ಒಂದು ಹಡಗು

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಹತ್ತಿರ ನನ್ನದೊಂದು ಮರಗೆಲಸದ ಶೆಡ್ ಇದೆ. ಬಾಗಿಲು, ಕಿಟಕಿ, ವಾರ್ಡ್‌ರೋಬ್, ಹಳೇ ಕುರ್ಚಿ ರಿಪೇರಿ, ಇದೇ ಕೆಲಸ. ಬೆಂಗಳೂರಿನಿಂದ ಯಾವ ಕಡೆ ಹೊರಟರೂ ಸಮುದ್ರ ಕಾಣೋಕೆ ಮುನ್ನೂರು ಕಿಲೋಮೀಟರಿಗಿಂತ ಜಾಸ್ತಿ ಹೋಗಬೇಕು. ಆದರೂ ಎರಡು ವರ್ಷದಿಂದ ರಾತ್ರಿ ಊಟ ಮುಗಿಸಿ ನಾನು ಓದುತ್ತಾ ಕೂರುವುದು ಹಡಗು ಕಟ್ಟಿದವರ ಕಥೆಗಳನ್ನೇ.

ಇದು ಶುರುವಾಗಿದ್ದು ಒಂದು ವಾರ್ಡ್‌ರೋಬಿನಿಂದ. ರಾಜಾಜಿನಗರದ ಒಂದು ಮನೆಗೆ ನಾಲ್ಕು ಬಾಗಿಲಿನ ವಾರ್ಡ್‌ರೋಬ್ ಒಪ್ಪಿಕೊಂಡಿದ್ದೆ. ಚೌಕಟ್ಟಿನ ಅಳತೆ ನನ್ನದು. ಬಾಗಿಲು ಕೊಯ್ದವನು ನನ್ನ ಜೊತೆ ಕೆಲಸ ಮಾಡುವ ಹುಡುಗ. ಕೂರಿಸೋಕೆ ಹೋದರೆ ನಾಲ್ಕನೇ ಬಾಗಿಲು ಒಳಗೆ ಹೋಗಲೇ ಇಲ್ಲ. ಒಂದೊಂದು ಬಾಗಿಲೂ ಒಂದು ನೂಲು ಜಾಸ್ತಿ. ನಮ್ಮ ಕೆಲಸದಲ್ಲಿ ನೂಲು ಅಂದರೆ ಅಂಗುಲದಲ್ಲಿ ಎಂಟನೇ ಒಂದು ಭಾಗ. ನಾಲ್ಕು ಸೇರಿದರೆ ಅರ್ಧ ಅಂಗುಲ. "ಆಚಾರ್ರೇ, ನೀವೇ ಹಿಂಗೆ ಮಾಡಿದ್ರೆ ಹೆಂಗೆ?" ಅಂದರು ಮನೆಯವರು. ನನಗೆ ಮಾತೇ ಹೊರಡಲಿಲ್ಲ. ಶೆಡ್ಡಿಗೆ ಬಂದು ಇಬ್ಬರ ಟೇಪನ್ನೂ ಪಕ್ಕಪಕ್ಕ ಹಿಡಿದು ನೋಡಿದೆ. ಹುಡುಗನ ಟೇಪು ಯಾವಾಗಲೋ ಬಿದ್ದು ತುದಿಯ ಕೊಕ್ಕೆ ಹೊರಕ್ಕೆ ಬಾಗಿತ್ತು. ಅವನು ಸರಿಯಾಗಿಯೇ ಅಳೆದಿದ್ದ, ಅವನ ಟೇಪಿನ ಪ್ರಕಾರ.

ಅದೇ ವಾರ ವಾಸಾ ಹಡಗಿನ ವಿಷಯ ಓದಿದೆ. ಓದಿ ಮೈ ಜುಮ್ಮೆಂದಿತು.

ವಾಸಾ ಸ್ವೀಡನ್ ರಾಜನ ಯುದ್ಧದ ಹಡಗು. ಸಾವಿರಕ್ಕೂ ಹೆಚ್ಚು ಓಕ್ ಮರ ಬಳಸಿ ಕಟ್ಟಿದ್ದು, 64 ಫಿರಂಗಿ. 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್ ಬಂದರಿನಿಂದ ಮೊದಲ ಸಲ ಹೊರಟಿತು. ಒಂದೂವರೆ ಕಿಲೋಮೀಟರ್ ಕೂಡ ಹೋಗಿರಲಿಲ್ಲ. ಸಣ್ಣ ಗಾಳಿಗೇ ಒಂದು ಪಕ್ಕಕ್ಕೆ ವಾಲಿತು, ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು, ದಡದಲ್ಲಿ ನಿಂತ ಜನ ನೋಡುತ್ತಿದ್ದ ಹಾಗೇ ಮುಳುಗಿತು. 333 ವರ್ಷ ತಣ್ಣನೆ ನೀರಿನಲ್ಲಿದ್ದು, 1961ರಲ್ಲಿ ಮೇಲೆ ಬಂತು.

ಮುಳುಗಿದ್ದಕ್ಕೆ ಮುಖ್ಯ ಕಾರಣ ಮೇಲ್ಭಾಗದ ಭಾರ. ಅದು ಮೊದಲೇ ಗೊತ್ತಾಗಿತ್ತು ಅನ್ನುವುದೇ ಸಂಕಟ. ಹೊರಡುವ ಮೊದಲು ಮೂವತ್ತು ಜನರನ್ನು ಡೆಕ್ ಮೇಲೆ ಈ ಪಕ್ಕದಿಂದ ಆ ಪಕ್ಕಕ್ಕೆ ಓಡಿಸಿ ಪರೀಕ್ಷೆ ಮಾಡಿದ್ದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಮಗುಚುವ ಹಾಗೆ ತೂಗಾಡಿತು. ಓಟ ನಿಲ್ಲಿಸಿದರು. ಹಡಗು ನಿಲ್ಲಿಸಲಿಲ್ಲ. ರಾಜ ಅವಸರ ಮಾಡುತ್ತಿದ್ದ, ಅವನಿಗೆ ಬೇಡ ಅನ್ನುವವರು ಯಾರೂ ಇರಲಿಲ್ಲ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಬೇರೆ. ಹಡಗಿನ ಒಳಗೆ ಬಡಗಿಗಳ ನಾಲ್ಕು ಅಳತೆಕೋಲು ಸಿಕ್ಕಿವೆ. ಎರಡು ಸ್ವೀಡನ್ನಿನ ಅಡಿಕೋಲು, ಅಡಿಗೆ 12 ಅಂಗುಲ. ಇನ್ನೆರಡು ಆಮ್‌ಸ್ಟರ್‌ಡ್ಯಾಮ್‌ನ ಅಡಿಕೋಲು, ಅಡಿಗೆ 11 ಅಂಗುಲ. ಒಂದು ಅಡಿಗೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ. ಒಂದೇ ಹಡಗು, ಎರಡು ಥರದ ಅಡಿ! ಹಡಗಿನ ಎರಡು ಪಕ್ಕ ಒಂದೇ ಥರ ಇಲ್ಲ, ಎಡಪಕ್ಕ ಭಾರ ಅಂತ ಈಗ ಅಳೆದು ನೋಡಿದವರು ಹೇಳುತ್ತಾರೆ. ಆ ನಾಲ್ಕು ಜನರ ಹೆಸರು ಎಲ್ಲೂ ಇಲ್ಲ. ಆದರೆ ಅವರ ಕೋಲು ಇದೆ. ಪ್ರತಿಯೊಬ್ಬನೂ ತನ್ನ ಕೋಲಿನ ಪ್ರಕಾರ ಸರಿಯಾಗಿಯೇ ಅಳೆದಿದ್ದ, ಅಲ್ವಾ?

ಕಟ್ಟುವ ಜವಾಬ್ದಾರಿ ಹೊತ್ತಿದ್ದವನು ಹೆನ್ರಿಕ್ ಹೈಬರ್ಟ್‌ಸನ್ ಅನ್ನುವ ಡಚ್ ಮೇಸ್ತ್ರಿ. ಹಡಗು ಮುಗಿಯುವ ಮೊದಲೇ 1627ರಲ್ಲಿ ತೀರಿಕೊಂಡ. ಆಮೇಲೆ ಯಾರ್ಡಿನ ವ್ಯವಹಾರ ನೋಡಿಕೊಂಡವಳು ಅವನ ಹೆಂಡತಿ ಮಾರ್ಗರೆಟಾ ನಿಲ್ಸ್‌ಡಾಟರ್. ನಾನೂರು ವರ್ಷದ ಹಿಂದೆ, ಅಂಥ ದೊಡ್ಡ ಕೆಲಸದ ಮಧ್ಯೆ, ಗಂಡನ ಸಾವಿನ ಮಧ್ಯೆ. ಅವಳ ಬಗ್ಗೆ ಇನ್ನೂ ಓದಬೇಕು ಅನ್ನಿಸುತ್ತದೆ.

ಓಕ್ ಮರ ನಾನು ಜಾಸ್ತಿ ಮುಟ್ಟಿದವನಲ್ಲ. ನನ್ನ ಮರ ತೇಗ. ಹೋದ ವರ್ಷ ಚಾಮರಾಜಪೇಟೆಯಲ್ಲಿ ಒಂದು ಹಳೇ ಮನೆ ಕೆಡವಿದಾಗ ಎರಡು ತೊಲೆ ಕೊಂಡು ತಂದೆ. ಹೊರಗೆ ಬೂದಿ ಬಣ್ಣ, ಬಿರುಕು, ನೋಡಿದರೆ ಸೌದೆ ಅನ್ನಬೇಕು. ತೋಪಡ ಹಿಡಿದು ಎರಡು ಸಲ ಎಳೆದೆ. ಒಳಗಿಂದ ಜೇನಿನ ಬಣ್ಣ ಬಂತು, ಜೊತೆಗೇ ಆ ವಾಸನೆ. ಹಳೇ ಚರ್ಮಕ್ಕೆ ಎಣ್ಣೆ ಸವರಿದ ಹಾಗೆ. ಸಿಬರು ಬೆರಳಲ್ಲಿ ಉಜ್ಜಿದರೆ ಜಿಡ್ಡು. ಅದರಲ್ಲಿದ್ದ ಹಳೇ ಮೊಳೆಗಳನ್ನು ಕಿತ್ತೆ, ಮರದೊಳಗೆ ಹೂತಿದ್ದ ಭಾಗ ಕಪ್ಪಗೆ, ಗಟ್ಟಿಯಾಗಿಯೇ ಇತ್ತು. ತೇಗದ ಎಣ್ಣೆ ಕಬ್ಬಿಣವನ್ನು ಕಾಯುತ್ತದೆ. ಓಕ್‌ನಲ್ಲಿರುವ ಆಮ್ಲ ಕಬ್ಬಿಣವನ್ನು ತಿನ್ನುತ್ತದೆ. ಸಮುದ್ರದಲ್ಲಿ ಓಡುವ ಹಡಗಿಗೆ ಇದು ಎಷ್ಟು ದೊಡ್ಡ ವಿಷಯ ಯೋಚನೆ ಮಾಡಿ.

ಇದನ್ನು ಚೆನ್ನಾಗಿ ತಿಳಿದಿದ್ದವರು ಮುಂಬೈನ ವಾಡಿಯಾ ಮನೆತನದವರು. ಲವ್ಜಿ ನಸರ್ವಾನ್‌ಜಿ ಅನ್ನುವ ಪಾರ್ಸಿ ಬಡಗಿ 1736ರಲ್ಲಿ ಸೂರತ್‌ನಿಂದ ಮುಂಬೈಗೆ ಬಂದ. ಅವನ ಮೊಮ್ಮಗ ಜಮ್‌ಶೆಟ್‌ಜಿ ಬೊಮನ್‌ಜಿ ಇಂಗ್ಲಿಷ್ ನೌಕಾಪಡೆಗೇ ಯುದ್ಧದ ಹಡಗು ಕಟ್ಟಿಕೊಟ್ಟ. ಅಲ್ಲಿ ಓಕ್ ಮರಕ್ಕೆ ಬರ ಬಂದಿತ್ತು, ಇಲ್ಲಿ ಮಲಬಾರಿನ ತೇಗ ಇತ್ತು. ಅವನು ಕಟ್ಟಿದ ಟ್ರಿಂಕೊಮಲಿ 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಅದರ ನಕ್ಷೆ ಹೊತ್ತು ಬರುತ್ತಿದ್ದ ಜಾವಾ ಹಡಗು 1812ರಲ್ಲಿ ಅಮೆರಿಕದವರ ಜೊತೆಗಿನ ಕಾಳಗದಲ್ಲಿ ಹಾಳಾಗಿ, ಇನ್ನೊಂದು ನಕ್ಷೆ ಕಳಿಸಬೇಕಾಯಿತು. ಆ ತೇಗದ ಹಡಗು ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಬ್ರಿಟನ್ನಿನ ಯುದ್ಧದ ಹಡಗುಗಳಲ್ಲಿ ಇನ್ನೂ ನೀರಿನ ಮೇಲಿರುವ ಅತಿ ಹಳೆಯದು ಅದೇ. ನಮ್ಮ ಕಡೆಯ ಮರ, ನಮ್ಮ ಕಡೆಯ ಕೈ.

ಟ್ರಿಂಕೊಮಲಿಗೆ ಕೀಲ್ ಇಟ್ಟಾಗ, ಅಂದರೆ ಇಡೀ ಹಡಗು ಕೂರುವ ಅಡಿಮರ ಇಟ್ಟಾಗ, ಪಾರ್ಸಿ ಸಂಪ್ರದಾಯದಂತೆ ಅದಕ್ಕೆ ಒಂದು ಬೆಳ್ಳಿ ಮೊಳೆ ಹೊಡೆದರು. ಇದನ್ನು ಓದಿದಾಗ ಅಪ್ಪ ಕಣ್ಣಮುಂದೆ ಬಂದರು. ಹೊಸ ಮನೆಗೆ ವಾಸಕಲ್ಲು ನಿಲ್ಲಿಸುವ ದಿನ ಅವರು ಬೆಳಗ್ಗೆ ಸ್ನಾನ ಮಾಡಿ, ಉಳಿ, ಬಾಚಿ, ಕೊಡತಿಗೆ ಕುಂಕುಮ ಇಟ್ಟು, ಹೊಸ್ತಿಲ ಕೆಳಗೆ ನವರತ್ನ ಹಾಕಿಸಿ, ಆಮೇಲೇ ಮರ ಮುಟ್ಟುತ್ತಿದ್ದರು. ನಾನೂ ಹಾಗೇ ಮಾಡುತ್ತೇನೆ. ಇನ್ನೂರು ವರ್ಷದ ಹಿಂದೆ ಮುಂಬೈ ಡಾಕ್‌ನಲ್ಲಿ ಆ ಬೆಳ್ಳಿ ಮೊಳೆ ಹೊಡೆದವನ ಎದೆ ಹೇಗೆ ಬಡಿದುಕೊಂಡಿತ್ತು ಅಂತ ನನಗೆ ಗೊತ್ತು.

ಹಡಗಿಗೆ ಕಡಿದು ಕಡಿದು ಮಲಬಾರಿನ ತೇಗ ತೀರುತ್ತಾ ಬಂತು. 1840ರ ದಶಕದಲ್ಲಿ ಕಲೆಕ್ಟರ್ ಕೊನೊಲಿ ನಿಲಂಬೂರಿನಲ್ಲಿ ತೇಗ ನೆಡಿಸಿದ. ನಿಂತು ಬೆಳೆಸಿದವರು ಚಾತು ಮೆನನ್. ಆ ಸಸಿಗಳು ಮರವಾಗುವಷ್ಟರಲ್ಲಿ ಹಡಗುಗಳೆಲ್ಲ ಕಬ್ಬಿಣದವಾಗಿದ್ದವು.

ಕಬ್ಬಿಣದ ಹಡಗುಗಳ ಬಗ್ಗೆಯೂ ಓದಿದ್ದೇನೆ. ಇಂಗ್ಲೆಂಡಿನ ಇಂಜಿನಿಯರ್ ಬ್ರೂನೆಲ್‌ನ ಗ್ರೇಟ್ ಈಸ್ಟರ್ನ್ 692 ಅಡಿ ಉದ್ದ. ಥೇಮ್ಸ್ ನದಿಗೆ ಅಡ್ಡಡ್ಡಲಾಗಿ ಇಳಿಸೋಕೆ 1857ರ ನವೆಂಬರ್‌ನಿಂದ ಮುಂದಿನ ಜನವರಿ ಕೊನೆಯವರೆಗೆ ಒದ್ದಾಡಿದರು. ಮುಂಬೈಯಿಂದ ಏಡನ್‌ಗೆ ಟೆಲಿಗ್ರಾಫ್ ಕೇಬಲ್ ಹಾಸಿದ್ದೂ ಅದೇ ಹಡಗು, 1870ರಲ್ಲಿ. ಟೈಟಾನಿಕ್ ಮುಳುಗಿದ್ದು ಎಲ್ಲರಿಗೂ ಗೊತ್ತು. ಅದನ್ನು ಬೆಲ್‌ಫಾಸ್ಟ್‌ನಲ್ಲಿ ಕಟ್ಟುವಾಗಲೇ ಎಂಟು ಕೆಲಸಗಾರರು ಸತ್ತಿದ್ದು ಜಾಸ್ತಿ ಜನಕ್ಕೆ ಗೊತ್ತಿಲ್ಲ.

ನನ್ನ ಮನಸ್ಸು ಮಾತ್ರ ಮರಕ್ಕೇ ವಾಪಸ್ ಬರುತ್ತದೆ. 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ಕೌಂಡಿನ್ಯ ಅನ್ನುವ ಹಡಗು ನೌಕಾಪಡೆ ಸೇರಿತು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದ ಹಡಗು ಅದು. ಅಜಂತಾದ ಒಂದು ಚಿತ್ರ ಬಿಟ್ಟರೆ ಕೈಯಲ್ಲಿ ನಕ್ಷೆಯೇ ಇರಲಿಲ್ಲ. ಗೋವಾದಲ್ಲಿ ಅದನ್ನು ಕಟ್ಟಿದ್ದು ಬಾಬು ಶಂಕರನ್ ಅವರ ನೇತೃತ್ವದಲ್ಲಿ ಕೇರಳದ ಕುಶಲಕರ್ಮಿಗಳು. ಹಲಗೆಗಳನ್ನು ಹಬೆಯಲ್ಲಿ ಬೇಯಿಸಿ, ಹಡಗಿನ ಹೊಟ್ಟೆಗೆ ತಕ್ಕ ಹಾಗೆ ಬಗ್ಗಿಸಿ, ಆಮೇಲೆ ಹೊಲಿದಿದ್ದಾರೆ.

ಇದನ್ನು ಹುಡುಗನಿಗೆ ಹೇಳಿದೆ. "ಮರ ಬೇಯುತ್ತಾ ಅಣ್ಣ?" ಅಂದ. ಸುಮ್ನೆ ಬಾಯಲ್ಲಿ ಹೇಳಿದರೆ ಆಗಲ್ಲ ಅಂತ ಹೋದ ಭಾನುವಾರ ಇಬ್ಬರೂ ಕೂತೆವು. ಒಂದು ಉದ್ದನೆ ಕಬ್ಬಿಣದ ಪೈಪು, ಒಂದು ಕಡೆ ಬಟ್ಟೆ ತುರುಕಿ, ಇನ್ನೊಂದು ಕಡೆಯಿಂದ ಹಳೇ ಕುಕ್ಕರ್‌ನ ಹಬೆ ಬಿಟ್ಟೆವು. ಕಾಲು ಅಂಗುಲ ದಪ್ಪದ ತೇಗದ ಪಟ್ಟಿ ಎರಡು. ಇಪ್ಪತ್ತು ನಿಮಿಷ ಕಾದೆವು. ಮೊದಲನೆಯದು ಬಗ್ಗಿಸುವಾಗ ಎಳೆ ಓರೆಯಾಗಿದ್ದ ಕಡೆ ಪಟ್ ಅಂತ ಸೀಳಿತು. ಎರಡನೆಯದರ ಎಳೆ ನೇರವಾಗಿತ್ತು. ಗೋಣಿಚೀಲ ಸುತ್ತಿ ಹಿಡಿದು ನಿಧಾನಕ್ಕೆ ಅಚ್ಚಿಗೆ ಒತ್ತಿದೆವು. ಬಿಸಿಗೆ ಕೈ ಚುರುಗುಟ್ಟಿತು. ಪಟ್ಟಿ ಬಿಲ್ಲಿನ ಹಾಗೆ ಬಗ್ಗಿತು, ಕ್ಲ್ಯಾಂಪ್ ಹಾಕಿ ಬಿಟ್ಟೆವು.

ಮಾರನೇ ದಿನ ಕ್ಲ್ಯಾಂಪ್ ಬಿಚ್ಚಿದರೆ ಪಟ್ಟಿ ಸ್ವಲ್ಪ ಹಿಂದಕ್ಕೆ ಬಂತು, ಆದರೆ ಬಾಗು ಉಳಿದಿತ್ತು. ಹುಡುಗ ಅದರ ಆಳ ಅಳೆಯೋಕೆ ಟೇಪು ತೆಗೆದ. ತೆಗೆದವನು ಮೊದಲು ಗೋಡೆಯ ಹತ್ತಿರ ಹೋದ. ವಾರ್ಡ್‌ರೋಬ್ ಕೆಟ್ಟ ಮೇಲೆ ಅಲ್ಲಿ ನಾನೊಂದು ಸ್ಟೀಲ್ ಅಡಿಪಟ್ಟಿ ಬಡಿದಿದ್ದೇನೆ. ತನ್ನ ಟೇಪನ್ನು ಅದಕ್ಕೆ ಹಿಡಿದು ನೋಡಿ, ಆಮೇಲೆ ಪಟ್ಟಿಯ ಹತ್ತಿರ ಬಂದ.