ನೂರು ಷೇರು ಹೋಗಿ ಹದಿನೇಳಾಗ್ಯಾವ, ಮೋಸ ಅಲ್ಲೇನ್ರೀ?

ಕೊಪ್ಪಳ, ಗಂಗಾವತಿ ಕಡೆ ಷೇರು ಇಟ್ಟುಕೊಂಡವರು ಈಚೆಗೆ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಬೇವಿನಹಳ್ಳಿಯಲ್ಲಿ ಪಿಗ್ ಐರನ್ ತಯಾರಿಸುವ ಕಿರ್ಲೋಸ್ಕರ್ ಫೆರಸ್ 2022ರಲ್ಲಿ ಐಎಸ್‌ಎಂಟಿ ಎಂಬ ಉಕ್ಕಿನ ಕೊಳವೆ ಕಂಪನಿಯ ಅರ್ಧಕ್ಕಿಂತ ಹೆಚ್ಚು ಪಾಲು ಕೊಂಡಿತು. 2024ರಲ್ಲಿ ಅದನ್ನು ತನ್ನಲ್ಲೇ ವಿಲೀನ ಮಾಡಿಕೊಂಡಿತು. ಐಎಸ್‌ಎಂಟಿಯ 100 ಷೇರಿಗೆ ಕಿರ್ಲೋಸ್ಕರ್ ಫೆರಸ್‌ನ 17 ಷೇರು ಸಿಕ್ಕವು.

ಮೋಸ ಅಲ್ಲ. ಎರಡೂ ಕಂಪನಿಗಳ ಒಂದೊಂದು ಷೇರಿನ ಬೆಲೆ ಎಷ್ಟೆಂದು ನೋಂದಾಯಿತ ಮೌಲ್ಯಮಾಪಕರು ಕಟ್ಟಿದ ಮೇಲೆಯೇ ಈ ಅನುಪಾತ ಬರುವುದು. ಅನುಮಾನವಿದ್ದರೆ ಘೋಷಣೆಯ ದಿನದ ಪೇಟೆ ದರದಲ್ಲಿ ಆ 100 ಷೇರಿಗೆಷ್ಟು, ಈ 17ಕ್ಕೆಷ್ಟು ಎಂದು ತಾಳೆ ನೋಡಿ. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ, ಸಿಂಡಿಕೇಟ್‌ನ 1,000 ಷೇರಿಗೆ ಕೆನರಾದ 158 ಬಂದಾಗಲೂ ಇದೇ ಗೊಣಗಾಟ ಇತ್ತು. 2023ರಲ್ಲಿ ಗೃಹಸಾಲ ಕಂಪನಿ ಎಚ್‌ಡಿಎಫ್‌ಸಿಯ 25 ಷೇರಿಗೆ ಎಚ್‌ಡಿಎಫ್‌ಸಿ ಬ್ಯಾಂಕಿನ 42 ಬಂದಾಗ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ!

ನಿಜವಾಗಿ ಎಡವುವುದು ಆಮೇಲೆ. ನೀವು ಐಎಸ್‌ಎಂಟಿಯ 250 ಷೇರನ್ನು ತಲಾ ₹60ಕ್ಕೆ ಕೊಂಡಿದ್ದೀರಿ ಅಂದುಕೊಳ್ಳಿ. 17ರ ಲೆಕ್ಕದಲ್ಲಿ 42.5 ಬರುತ್ತದೆ. ಡಿಮ್ಯಾಟ್‌ಗೆ, ಅಂದರೆ ಷೇರು ಇಡುವ ಎಲೆಕ್ಟ್ರಾನಿಕ್ ಖಾತೆಗೆ, 42 ಸೇರುತ್ತವೆ. ಉಳಿದ ಅರ್ಧವನ್ನು ಬೇರೆಯವರ ಚೂರುಗಳ ಜೊತೆ ಕೂಡಿಸಿ ಪೇಟೆಯಲ್ಲಿ ಮಾರಿ, ಹಣ ನಿಮ್ಮ ಬ್ಯಾಂಕ್ ಖಾತೆಗೆ ಹಾಕುತ್ತಾರೆ. ಡಿಮ್ಯಾಟ್‌ನಲ್ಲಿ ಇನ್ನೂ ಸಿಂಡಿಕೇಟ್ ಬ್ಯಾಂಕಿನ ಹಳೆಯ ಐಎಫ್‌ಎಸ್‌ಸಿಯೇ ಕೂತಿದ್ದರೆ ಆ ಹಣ ವಾಪಸ್ ಹೋಗುತ್ತದೆ.

ಷೇರು ಬದಲಾದ ದಿನ ತೆರಿಗೆ ಇಲ್ಲ. ಹಳೆಯ ಖರೀದಿ ತಾರೀಖು, ಹಳೆಯ ಬೆಲೆ ಎರಡೂ ಹೊಸ ಷೇರಿಗೆ ಬರುತ್ತವೆ. ನೀವು ಹಾಕಿದ ₹15,000ವನ್ನು 42.5ರಿಂದ ಭಾಗಿಸಿದರೆ ಒಂದಕ್ಕೆ ₹352.94. ಬ್ರೋಕರ್ ಆ್ಯಪ್ ಈ ಜಾಗದಲ್ಲಿ ಸೊನ್ನೆ ತೋರಿಸುವುದುಂಟು. ಹಾಗೇ ಬಿಟ್ಟು ಮಾರಿದರೆ ಬಂದದ್ದೆಲ್ಲ ಲಾಭ ಎಂದೇ ಲೆಕ್ಕಕ್ಕೆ ಸಿಗುತ್ತದೆ. ಹಳೆಯ ಕಾಂಟ್ರಾಕ್ಟ್ ನೋಟ್ (ಕೊಂಡಾಗ ಬ್ರೋಕರ್ ಕೊಟ್ಟ ಲೆಕ್ಕದ ಚೀಟಿ) ಹುಡುಕಿ ತಿದ್ದಿಸಿ.

ಕಾಗದದ ಷೇರು ಇದ್ದವರಿಗೆ ಇನ್ನೊಂದು ತಾಪತ್ರಯ. ಎರಡು ಅರ್ಜಿ ನಮೂನೆ ತುಂಬಬೇಕು: ಐಎಸ್‌ಆರ್-1 ಕೆವೈಸಿಗೆ, ಐಎಸ್‌ಆರ್-2 ಸಹಿಯ ದೃಢೀಕರಣಕ್ಕೆ, ಅದಕ್ಕೆ ಬ್ಯಾಂಕಿನವರ ಮೊಹರು ಬೇಕು. ಅರ್ಜಿ ತಿರುಗಿ ಬರುವುದು ಬಹುಪಾಲು ಹೆಸರಿನಿಂದ: ಷೇರುಪತ್ರದಲ್ಲಿ ಬರೀ ಇನಿಷಿಯಲ್, ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು.

ಇಷ್ಟೆಲ್ಲ ಹೇಳಿದ್ದು ಎರಡೂ ಕಡೆ ಒಪ್ಪಿ ಆದ ವಿಲೀನಕ್ಕೆ. ದಿವಾಳಿ ಸಂಹಿತೆಯಡಿ ಎನ್‌ಸಿಎಲ್‌ಟಿ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಮೂಲಕ ಕಂಪನಿ ಕೈ ಬದಲಾದರೆ ಸಂಗತಿಯೇ ಬೇರೆ. ತೋರಣಗಲ್ಲಿನ ಜೆಎಸ್‌ಡಬ್ಲ್ಯು ಸ್ಟೀಲ್ 2021ರಲ್ಲಿ ಹೀಗೆ ದಿವಾಳಿಯಾದ ಉಕ್ಕಿನ ಕಂಪನಿ ಭೂಷಣ್ ಪವರ್ ಕೊಂಡಾಗ ₹19,350 ಕೋಟಿ ಹೋದದ್ದು ಸಾಲ ಕೊಟ್ಟವರಿಗೆ. ಅದೇ ವರ್ಷ ಪಿರಾಮಲ್ ಕೈಗೆ ಹೋದ ಗೃಹಸಾಲ ಕಂಪನಿ ಡಿಎಚ್‌ಎಫ್‌ಎಲ್‌ನಲ್ಲಿ ಷೇರುದಾರರಿಗೆ ಸಿಕ್ಕಿದ್ದು ಸೊನ್ನೆ. ಷೇರು ಪೇಟೆಯ ಪಟ್ಟಿಯಿಂದಲೇ ಹೋಯಿತು. "ದೊಡ್ಡವರು ತಗೊಳ್ತಾರಂತ" ಎಂಬ ಸುದ್ದಿ ಕೇಳಿ ಅಗ್ಗದ ಷೇರಿಗೆ ಕೈ ಹಾಕುವ ಮೊದಲು, ಎಕ್ಸ್‌ಚೇಂಜ್‌ಗೆ ಕಂಪನಿ ಸಲ್ಲಿಸಿದ ಪತ್ರದಲ್ಲಿ ಹಳೆಯ ಷೇರು ಬಂಡವಾಳ ರದ್ದಾಗುತ್ತದೆ ಎಂಬ ಸಾಲು ಇದೆಯೇ ನೋಡಿ.